ಹಿತ್ತಲಿನ ಜೇಡಿಮಣ್ಣು

ಗುದ್ದಲಿ ಮತ್ತೆ ಜೇಡಿಯಲ್ಲಿ ಕಚ್ಚಿಕೊಂಡಿತು. ಅವಳು ಹಿಡಿಯನ್ನು ಅತ್ತಿತ್ತ ಅಲುಗಿಸಿ, ಕಾಲು ಕೊಟ್ಟು ಎಳೆದಾಗ ಅಂಗೈಯಗಲದ ಹೆಂಟೆಯೊಂದು ಪಚಕ್ಕೆಂದು ಕಿತ್ತು ಬಂತು. ಅದನ್ನು ಗುದ್ದಲಿಯಿಂದ ಬಿಡಿಸುವುದೇ ಇನ್ನೊಂದು ಕೆಲಸ. ಬೆರಳಿನಿಂದ ಕೆರೆದು ಕೈಗಾಡಿಗೆ ಎಸೆದರೆ ಅರ್ಧಕ್ಕರ್ಧ ಬೆರಳಿಗೇ ಅಂಟಿ ಉಳಿಯುತ್ತಿತ್ತು. ಮೆಟ್ಟಿಲ ಮೇಲಿಟ್ಟಿದ್ದ ಕಾಫಿ ಆರಿ ಕೆನೆಗಟ್ಟಿತ್ತು. ಬಾವಿ ತೋಡುವುದಿದ್ದರೆ ಮೊದಲೇ ಹೇಳಬೇಕಿತ್ತು, ಕೊಡ ತೊಳೆದಿಡುತ್ತಿದ್ದೆ ಎಂದು ಅಡುಗೆಮನೆಯ ಕಿಟಕಿಯಿಂದ ಅತ್ತೆ ಅಂದದ್ದು ಅವಳಿಗೆ ಕೇಳಿಸಿತು. ಮತ್ತೆ ಗುದ್ದಲಿ ಎತ್ತಿದಳು.

ಬಾವಿಯಲ್ಲ, ಅದು ಗಂಡನ ಆಸೆ. ಕನ್ನಡಕದಂಗಡಿಗೆ ರಜೆ ಸಿಕ್ಕಿದರೆ ಸಾಕು, ಕೋಲುಗಳ ಚೀಲ ಹೆಗಲಿಗೇರಿಸಿ ಗಾಲ್ಫ್ ಆಡಲು ಹೊರಡುವ ಮನುಷ್ಯ. ದೂರಕ್ಕೆ ಹೊಡೆಯುವುದು ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಕುಳಿಯ ಹತ್ತಿರ ಬಂದಾಗ ಮಾತ್ರ ಕೈ ಹಿಡಿತ ತಪ್ಪಿ ಚೆಂಡು ಪಕ್ಕಕ್ಕೆ ಜಾರಿಹೋಗುತ್ತಿತ್ತು. ಅದಕ್ಕೇ ಹಿತ್ತಲಲ್ಲೊಂದು ಪಟಿಂಗ್ ಗ್ರೀನ್ ಮಾಡಬೇಕು, ಗಿಡ್ಡ ಹುಲ್ಲಿನ ನುಣುಪು ಹಾಸಿನ ಮೇಲೆ ದಿನಾ ಸಂಜೆ ಚೆಂಡು ತಳ್ಳಿ ಕೈ ಪಳಗಿಸಬೇಕು ಎಂದು ವರ್ಷದಿಂದ ಹೇಳುತ್ತಿದ್ದ. ಜಲ್ಲಿ ಬಂತು, ಮರಳು ಬಂತು, ಮೈತುಂಬ ತೂತುಗಳಿದ್ದ ಪೈಪು ಬಂತು. ಅಗೆಯುವವರು ಮಾತ್ರ ಬರಲಿಲ್ಲ. ಬಂದು ನೆಲ ನೋಡಿದವರು ನಾಳೆ ಬರುತ್ತೇವೆ ಎಂದು ಹೋದವರು ಹೋದವರೇ.

ಅವಳು ರೈಲು ಓಡಿಸುವವಳು. ಹೋದ ತಿಂಗಳು ಒಂದು ತಿರುವಿನಾಚೆ, ಹಳಿ ದಾಟುತ್ತಿದ್ದ ಒಬ್ಬರು ಅವಳ ರೈಲಿಗೆ ಸಿಕ್ಕಿ ಸತ್ತಿದ್ದರು. ವಿಚಾರಣೆ ನಡೆಯಿತು, ಅವಳದೇನೂ ತಪ್ಪಿಲ್ಲ ಎಂದಾಯಿತು. ಕೆಲವು ದಿನ ಮನೆಯಲ್ಲಿರು ಎಂದು ಡಿಪೋದವರು ರಜೆ ಕೊಟ್ಟು ಕಳಿಸಿದರು. ನಿನ್ನ ತಪ್ಪಿಲ್ಲ ಎಂದು ಮೇಲಧಿಕಾರಿ ಹೇಳಿದ, ವೈದ್ಯೆ ಹೇಳಿದಳು, ಫೋನಿನಲ್ಲಿ ಅಕ್ಕ ಹೇಳಿದಳು. ಅಷ್ಟು ಹೇಳಿದ ಮೇಲೆ ಯಾರಿಗೂ ಮುಂದೆ ಮಾತಿರುತ್ತಿರಲಿಲ್ಲ. ಗಂಡನಂತೂ ಟಿವಿಯಲ್ಲಿ ರೈಲು ಕಂಡರೆ ರಿಮೋಟಿಗೆ ತಡಕಾಡುತ್ತಿದ್ದ.

ಮನೆಯಲ್ಲಿ ಕೂತರೆ ಏಳಬೇಕು, ಎದ್ದರೆ ನಡೆಯಬೇಕು ಅನ್ನಿಸುತ್ತಿತ್ತು. ಇಸ್ತ್ರಿಯಾಗಿದ್ದ ಬಟ್ಟೆಗಳಿಗೆ ಮತ್ತೆ ಇಸ್ತ್ರಿ ಮಾಡಿದಳು. ಪಾತ್ರೆಯ ಕಪಾಟು ಖಾಲಿ ಮಾಡಿ ತುಂಬಿಸಿದಳು. ಅತ್ತೆ ಸೌಟು ಹುಡುಕುತ್ತ ಗೊಣಗಿದರು. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಗುದ್ದಲಿ ಹಿಡಿದು ಹಿತ್ತಲಿಗಿಳಿದಳು.

ಮೊದಲ ದಿನ ಗಂಡನಿಗೆ ಹಿಡಿಸಲಾರದಷ್ಟು ಹಿಗ್ಗು. ಗೂಟ ಹೊಡೆದು ದಾರ ಕಟ್ಟಿಕೊಟ್ಟ. ಒಂದು ಗೇಣು ಮಣ್ಣು ತೆಗೆದು, ತಳದಲ್ಲಿ ಪೈಪಿಗೆ ಕಾಲುವೆ ಮಾಡಿದರೆ ಸಾಕು; ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಮರಳು ಬೆರೆಸಿದ ಮಣ್ಣು. ಜೇಡಿ ನೀರನ್ನು ಇಳಿಯಗೊಡುವುದಿಲ್ಲ, ನೀರು ನಿಂತರೆ ಹುಲ್ಲಿನ ಬೇರು ಕೊಳೆಯುತ್ತದೆ, ಅದಕ್ಕೇ ಇಷ್ಟೆಲ್ಲ ಎಂದು ವಿವರಿಸಿದ. ಅವಳು ಸಂಜೆ ಗುಂಡಿಗೆ ನೀರು ತುಂಬಿಸಿ ನೋಡಿದಳು. ಬೆಳಿಗ್ಗೆ ಹೋದರೆ ನೀರು ಹಾಗೆಯೇ ಇತ್ತು, ಒಂದು ಬೆರಳೂ ಇಳಿದಿರಲಿಲ್ಲ. ಅದನ್ನು ಮೊಗೆದು ಚೆಲ್ಲಿ ಮತ್ತೆ ಅಗೆದಳು. ಗೇಣಿನ ಗುಂಡಿ ಮೊಣಕಾಲಿನವರೆಗೆ ಬಂತು. ಗಂಡನ ಹಿಗ್ಗು ಇಳಿಯಿತು.

"ಸಾಕು ಕಣೆ. ಇನ್ನೂ ಎಷ್ಟು ಅಂತ ತೆಗೀತೀಯ?"

"ಜೇಡಿ ಮುಗೀಲಿಲ್ಲ."

"ಅದು ಮುಗಿಯಲ್ಲ. ಕೆಳಗೆಲ್ಲ ಅದೇ ಇರೋದು."

ಅವಳು ಇನ್ನೊಂದು ಹೆಂಟೆ ಕಿತ್ತಳು. ಅವನು ಅಂಗಡಿಗೆಂದು ಗೇಟಿನವರೆಗೆ ಹೋದವನು ತಿರುಗಿ ಬಂದು, ಒಂದು ಜೊತೆ ಕೈಗವಸನ್ನು ಮೆಟ್ಟಿಲ ಮೇಲಿಟ್ಟು ಹೋದ. ಅವಳು ಅದನ್ನು ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ ಅತ್ತೆಯೇ ಬಂದರು. ಮಂಡಿನೋವಿನವರು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿದು, ಬಕೆಟ್ಟೊಂದನ್ನು ಬೋರಲು ಹಾಕಿ ಗುಂಡಿಯ ಅಂಚಿನಲ್ಲಿ ಕೂತರು. ಊಟಕ್ಕೆ ಕರೆದೂ ಕರೆದೂ ಗಂಟಲು ಬಿತ್ತು, ಈ ಮನೆಯಲ್ಲಿ ನನ್ನ ಮಾತಿಗಿಂತ ಕುಕ್ಕರಿನ ಸೀಟಿಗೇ ಬೆಲೆ ಜಾಸ್ತಿ ಎಂದು ಶುರು ಮಾಡಿದವರು ಬಗ್ಗಿ ಸೊಸೆಯ ಅಂಗೈ ನೋಡಿದರು. ಬೊಕ್ಕೆಗಳೊಡೆದು ಅವುಗಳೊಳಗೆಲ್ಲ ಮಣ್ಣು ತುಂಬಿಕೊಂಡಿತ್ತು. ಅವಳು ಅಗೆಯುತ್ತಲೇ ಇದ್ದಳು.

"ಗಂಡಸೋ, ಹೆಂಗಸೋ?" ಎಂದರು ಅತ್ತೆ.

ಗುದ್ದಲಿ ನಿಂತಿತು. ಈ ಒಂದು ತಿಂಗಳಲ್ಲಿ ಮನೆಯವರು ಯಾರೂ ಅದನ್ನು ಕೇಳಿರಲಿಲ್ಲ.

"ಗಂಡಸು."

"ವಯಸ್ಸಾಗಿತ್ತಾ?"

"ಇಲ್ಲ. ಇವರಷ್ಟೇ ಇರಬೇಕು. ಕೈಲಿ ಹಾಲಿನ ಪ್ಯಾಕೆಟ್ ಇತ್ತು." ಅವಳು ಗುದ್ದಲಿಯ ಹಿಡಿಯ ಮೇಲೆ ಗದ್ದ ಊರಿದಳು. "ಹಾರ್ನ್ ಹೊಡೆದೆ. ಬ್ರೇಕ್ ಹಾಕಿದೆ. ಆಮೇಲೆ ನಂಗೇನೂ ಕೆಲಸ ಇರಲಿಲ್ಲ ಅತ್ತೆ. ನಿಲ್ಲೋತನಕ ಸುಮ್ನೆ ಕೂತಿರಬೇಕು, ಅಷ್ಟೆ. ಅವನು ತಿರುಗಿ ನನ್ನ ಮುಖ ನೋಡಿದ. ನಾನೂ ನೋಡ್ತಾ ಕೂತಿದ್ದೆ."

ನಿನ್ನ ತಪ್ಪಿಲ್ಲ ಎಂದು ಅತ್ತೆ ಹೇಳಲಿಲ್ಲ. ಅವನ ಮನೆಯಲ್ಲಿ ಯಾರಿದ್ದಾರೆ, ಏನು ಕೆಲಸ ಮಾಡುತ್ತಿದ್ದ, ಆ ಹೊತ್ತಿನಲ್ಲಿ ಅಲ್ಲಿ ಯಾಕೆ ದಾಟಿದ ಎಂದು ಒಂದೊಂದಾಗಿ ಕೇಳಿದರು. ಗೊತ್ತಿದ್ದಷ್ಟನ್ನು ಅವಳು ಹೇಳಿದಳು. ಕೊನೆಗೆ ಹೆಸರು ಕೇಳಿದರು. ಅದನ್ನೂ ಹೇಳಿದಳು. ಅತ್ತೆ ಆ ಹೆಸರನ್ನು ಮೆಲ್ಲಗೆ ಒಂದು ಸಲ ತಾವೂ ಹೇಳಿದರು. ಆಗ ಅವಳು ಗುಂಡಿಯೊಳಗೇ ಒದ್ದೆ ಮಣ್ಣಿನ ಮೇಲೆ ಕೂತುಬಿಟ್ಟಳು. ಬಹಳ ಹೊತ್ತು ಅತ್ತಳು. ಅತ್ತೆ ಹೆಗಲ ಮೇಲಿದ್ದ ಕೈವಸ್ತ್ರ ತೆಗೆದು, ಬಗ್ಗಿ, ಅವಳ ಬೆರಳುಗಳ ಜೇಡಿಯನ್ನು ಒಂದೊಂದಾಗಿ ಒರೆಸಿದರು.

"ಆಳ ಸಾಕು," ಎಂದರು ಆಮೇಲೆ. "ನಾಳೆ ಇಬ್ಬರೂ ಸೇರಿ ಜಲ್ಲಿ ಹಾಕಿ. ಈಗ ನನ್ನ ಎಬ್ಬಿಸು, ಮಂಡಿ ಹಿಡ್ಕೊಂಡಿದೆ."

ಮರುದಿನ ಗಂಡ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಇಬ್ಬರೂ ಸೇರಿ ಕಾಲುವೆಯಲ್ಲಿ ಪೈಪು ಮಲಗಿಸಿ, ಅದರ ಬಾಯನ್ನು ಬೇಲಿಯಾಚೆಯ ಚರಂಡಿಗೆ ತಿರುಗಿಸಿದರು. ಆಳ ಹೆಚ್ಚಾದದ್ದಕ್ಕೆ ಇನ್ನೊಂದು ಗಾಡಿ ಜಲ್ಲಿ ತರಿಸಬೇಕಾಯಿತು. ಜಲ್ಲಿ ಹರಡುವಾಗ ಅವಳು, ಅತ್ತೆಗೆ ಹೇಳಿದ್ದನ್ನೆಲ್ಲ ಅವನಿಗೂ ಹೇಳಿದಳು. ಅವನು ಸಲಿಕೆ ಹಿಡಿದು ನಿಂತೇ ಕೇಳಿದ.

ಚಡಪಡಿಕೆ ಹೋಯಿತೆಂದಲ್ಲ. ಊಟದ ನಡುವೆ ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಆದರೂ ಅದೇ ವಾರ ಡಿಪೋಗೆ ಫೋನ್ ಮಾಡಿ, ಪಕ್ಕದಲ್ಲಿ ಇನ್ನೊಬ್ಬ ಚಾಲಕ ಇರುವುದಾದರೆ ಬಂದು ನೋಡುತ್ತೇನೆ ಎಂದಳು. ಸೋಮವಾರ ಬಾ ಎಂದರು.

ಭಾನುವಾರ ಮರಳು ಬೆರೆಸಿದ ಮಣ್ಣಿನ ಮೇಲೆ ರೋಲರ್ ಓಡಿಸಬೇಕಿತ್ತು. ಬಾಡಿಗೆಗೆ ತಂದದ್ದು, ಹೊಟ್ಟೆಯೊಳಗೆ ನೀರು ತುಂಬಿದರೆ ಆನೆಯ ಭಾರ. ಒಂದು ಸುತ್ತು ತಳ್ಳುವಷ್ಟರಲ್ಲೇ ಗಂಡ ಏದುಸಿರು ಬಿಟ್ಟ. ಹಿಡಿಯನ್ನು ಅವಳು ತೆಗೆದುಕೊಂಡಳು. ನೆಲ ಬೇಲಿಯ ಕಡೆಗೆ ಕಂಡೂ ಕಾಣದಷ್ಟು ಇಳಿಜಾರಿತ್ತು. ರೋಲರ್ ತಾನಾಗಿಯೇ ಮುಂದಕ್ಕೆ ಹೋಗತೊಡಗಿತು.

ಅಷ್ಟರಲ್ಲಿ ಅತ್ತೆ ಒಗೆದ ಬಟ್ಟೆಯ ಬಕೆಟ್ ಹಿಡಿದು ಹೊರಗೆ ಬಂದರು. ಅತ್ತ ನೋಡಲಿಲ್ಲ, ಇತ್ತ ನೋಡಲಿಲ್ಲ. ಆಚೆ ಬದಿಯ ಹಗ್ಗದ ಕಡೆಗೆ, ಆಗಷ್ಟೇ ನುಣುಪಾಗಿದ್ದ ಮಣ್ಣಿನ ಮೇಲೆ ಕಾಲೆಳೆಯುತ್ತ ನೇರ ನಡೆದರು. ಗಂಡ ಅಯ್ಯೋ ಎನ್ನಲು ಬಾಯಿ ತೆರೆದ. ಅವಳು ಅವನತ್ತ ಕಣ್ಣಲ್ಲೇ ಬೇಡವೆಂದಳು. ಹಿಮ್ಮಡಿಯೂರಿ, ಮೈಯನ್ನೆಲ್ಲ ಹಿಂದಕ್ಕೆ ವಾಲಿಸಿ ರೋಲರನ್ನು ತಡೆದು ನಿಂತಳು. ಅತ್ತೆ ಅವಳ ಮುಂದೆ ನಿಧಾನವಾಗಿ ದಾಟಿ, ಆ ಬದಿ ಮುಟ್ಟಿ, ಬಕೆಟ್ ಕೆಳಗಿಟ್ಟು, ಮೊದಲ ಬಟ್ಟೆಯನ್ನು ಕೊಡವಿ ಹಗ್ಗಕ್ಕೆ ಹಾಕುವವರೆಗೂ ಅವಳು ಹಾಗೆಯೇ ನಿಂತಿದ್ದಳು.