ಸೀಟಿನ ಕೆಳಗಿನ ಹೆಬ್ಬೆಟ್ಟು

ನಜಮಾ ಚಿಮಣಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತಾಯಿಯ ಬಲಗೈ ಹೆಬ್ಬೆರಳನ್ನು ತಿಕ್ಕುತ್ತಲೇ ಇದ್ದಳು. ಉಗುರಿನ ಸಂದಿಯಲ್ಲಿ ಕೂತ ಕೆಂಪು ಬಣ್ಣ ಜಪ್ಪಯ್ಯ ಅಂದರೂ ಬಿಡಲೊಲ್ಲದು.

“ಸಾವಕಾಶ ಬೇ,” ಎಂದಳು ಸುಗರಾಬಿ. ಓಣಿಯಲ್ಲಿ ಹೆಂಗಸರು ತೀರಿಕೊಂಡರೆ ಮೈ ತೊಳೆಯಲು ಕರೆಯುವುದು ಈ ಮುದುಕಿಯನ್ನೇ. “ಬಣ್ಣ ಕುಂತಿದ್ರ ಚರ್ಮಕ್ಕ ನೀರು ಮುಟ್ಟೂದಿಲ್ಲ, ಖರೆ. ಹಂಗಂತ ಚರ್ಮಾನ ಕಿತ್ತು ತಗೀತೀಯೇನು?”

“ಈಕಿ ಇದ್ದಾಗೂ ದಿನಾ ಹಿಂಗ ತಿಕ್ಕಾಕಿ. ಆವಾಗೂ ಹೋಗ್ತಿದ್ದಿಲ್ಲ,” ಎಂದಳು ನಜಮಾ. ಬಟ್ಟೆಯನ್ನು ಮತ್ತೆ ಎಣ್ಣೆಯಲ್ಲಿ ಅದ್ದಿದಳು.

ತಾಯಿ ಮದೀನಾಬಿ ನಿನ್ನೆ ಸಂಜೆ ಮನೆಯ ಮುಂದಿನ ಶೆಡ್ಡಿನಲ್ಲಿ, ಗಿರಾಕಿ ಯಲಗೂರಪ್ಪನ ಟಾಂಗಾದ ಗಾಲಿಗೆ ಕೆಂಪು ಗೆರೆ ಎಳೆಯುತ್ತ ಕುಳಿತವಳು ಕುಳಿತಂತೆಯೇ ವಾಲಿಬಿಟ್ಟಿದ್ದಳು. ಬ್ರಷ್ಷನ್ನು ಮಾತ್ರ ಕೆಳಗೆ ಬೀಳಗೊಟ್ಟಿರಲಿಲ್ಲ.

ಹೊರಗೆ ಲಾಡಲೇಸಾಬನ ಗಂಟಲು ಕೇಳುತ್ತಿತ್ತು. ಮದೀನಾಬಿಯ ಮೈದುನ, ಗಾಂಧಿ ಚೌಕದ ಸ್ಟ್ಯಾಂಡಿನಲ್ಲಿ ಟಾಂಗಾ ಹೊಡೆಯುವವನು. ಸಾವಿನ ಮನೆಯಲ್ಲಿ ಮೆಲ್ಲಗೆ ಮಾತಾಡಬೇಕು ಎಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಯಲಗೂರಪ್ಪನವರ, ನಿಮ್ಮ ಟಾಂಗಾ ಹೆಂಗೈತಿ ಹಂಗ ಹೊಡಕೊಂಡು ಹೋಗಿಬಿಡ್ರಿ. ಶೆಡ್ಡಿಗೆ ಇವತ್ತ ಕೀಲಿ ಹಾಕ್ತೇನಿ. ರಸ್ತಾದಾಗ ಕುಂತು ಬಣ್ಣ ಬಳಿಯೂ ಹೆಂಗಸು ಅಂತ ಜನ ಆಡಿಕೊಂಡಿದ್ದು ಸಾಕು. ಹುಡುಗೀನ್ನ ನಾಳೆ ಟಿಕೋಟಾಕ್ಕ ಗಂಡನ ಮನಿಗೆ ಬಿಟ್ಟು ಬರ್ತೇನಿ.”

ನಜಮಾಳ ಕೈ ನಿಂತಿತು. ಟಿಕೋಟಾದಲ್ಲಿ ಕುಡಿಯದಿದ್ದರೂ ಹೊಡೆಯುವ, ಕುಡಿದರೆ ಕೇಳುವುದೇ ಬೇಡ ಎನ್ನುವಂಥ ಗಂಡನಿದ್ದ. ಅವನನ್ನು ಬಿಟ್ಟು ಒಂದು ಗಂಟಿನೊಂದಿಗೆ ಬಂದವಳನ್ನು ತಾಯಿ ಏನೂ ಕೇಳಿರಲಿಲ್ಲ. ಕೈಗೆ ಉಸುಕು ಕಾಗದ ಕೊಟ್ಟು, “ತಿಕ್ಕು” ಅಂದಿದ್ದಳು, ಅಷ್ಟೆ.

* * *

ಹಿಂದೆ ಈ ಶೆಡ್ಡು ಮದೀನಾಬಿಯ ಗಂಡ ಮಶಾಕಸಾಬನದು. ವಿಜಾಪುರದ ಟಾಂಗಾಗಳಿಗೆಲ್ಲ ಅವನೇ ಪೇಂಟರ. ಕಣ್ಣಿಗೆ ಪೊರೆ ಬಂದು ಗೆರೆಗಳು ಸೊಟ್ಟಗಾಗತೊಡಗಿದಾಗ, ಟಾಂಗಾಗಳು ಶೆಡ್ಡು ಬಿಟ್ಟು ಹಿತ್ತಲಿಗೆ ಬಂದವು. ಪರದೆಯ ಹಿಂದೆ ಮದೀನಾಬಿ ಹಳೇ ಬಣ್ಣ ಕೆರೆದು, ಲಡ್ಡಾದ ಹಲಗೆ ಬದಲಿಸಿ, ಪುಟ್ಟಿ ತುಂಬಿ, ಬಣ್ಣ ಹಚ್ಚಿ, ಹೂಬಳ್ಳಿ ಬಿಡಿಸುವಳು. ಮಶಾಕಸಾಬ ಕಿವಿಯ ಸಂದಿಗೆ ಬ್ರಷ್ಷು ಸಿಕ್ಕಿಸಿಕೊಂಡು ಬಾಗಿಲಲ್ಲಿ ಕೂತು, ಗಿರಾಕಿಗಳ ಶಹಬ್ಬಾಸ್‌ಗಿರಿಯನ್ನೂ ಚಹಾವನ್ನೂ ಸ್ವೀಕರಿಸುವನು. ಗಂಡಸಿಗೆ ಅದೂ ಒಂದು ಕೆಲಸವೇ.

ಅವನು ತೀರಿಕೊಂಡ ಮೇಲೆ ಮದೀನಾಬಿ ಪರದೆ ಕಿತ್ತು, ಅದನ್ನೇ ಬ್ರಷ್ಷು ಒರೆಸುವ ಬಟ್ಟೆ ಮಾಡಿಕೊಂಡು ಶೆಡ್ಡಿಗೆ ಬಂದಳು. ಊರು ಮೂಗು ಮುರಿಯಿತು. ಆದರೆ ಅಂಥ ಗೆರೆ ಬೇರೆ ಯಾರೂ ಎಳೆಯುತ್ತಿರಲಿಲ್ಲವಲ್ಲ, ಬಂದರು. ಬಂದವರದು ಒಂದೇ ಕರಾರು: ಹಿಂದಿನ ಹಲಗೆಯ ಮೇಲೆ ‘ಮಶಾಕ ಪೇಂಟರ’ ಎಂದೇ ಬರೆಯಬೇಕು. ಆಕೆ ಬರೆದಳು. ಆಮೇಲೆ ಸೀಟಿನ ಹಲಗೆ ಎತ್ತಿ, ಒಳಗಿನ ಹಸಿ ಬಣ್ಣದಲ್ಲಿ ಬಲಗೈ ಹೆಬ್ಬೆಟ್ಟು ಒತ್ತಿದಳು. ಹಿತ್ತಲಲ್ಲಿ ಕೆಲಸ ಮಾಡಿದ ಕಾಲದಿಂದಲೂ ಒತ್ತುತ್ತಿದ್ದಳು. ಕೆರೆಯುವ ಪಟ್ಟಿ ಜಾರಿ ಆದ ಗಾಯದಿಂದ ಆ ಹೆಬ್ಬೆಟ್ಟಿಗೆ ಅಡ್ಡಡ್ಡ ಒಂದು ಓರೆ ಗೆರೆ ಬಿದ್ದಿತ್ತು.

ಟಾಂಗಾದವರು ಒಂದಿಲ್ಲೊಂದು ದಿನ ಸೀಟೆತ್ತಿ ನೋಡಿದರು. ಮಶಾಕಸಾಬ ಇದ್ದಾಗ ಒತ್ತಿದ ಹೆಬ್ಬೆಟ್ಟು, ಗಳಿಕೆ ಕೂಡಿಸುವ ಅವನ ಬರಕತ್ತು ಎಂದುಕೊಂಡರು. ಬೆಳಗ್ಗೆ ಬೋಣಿಗೆ ಮುಂಚೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಸ್ಟ್ಯಾಂಡಿನ ರೂಢಿಯೇ ಆಗಿಹೋಯಿತು.

ಆ ಸುದ್ದಿ ಕೇಳಿದ ದಿನ ಮದೀನಾಬಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನಜಮಾಳಿಗೆ ಮೈ ಉರಿದಿತ್ತು. “ಇದು ನಂದು ಅಂತ ಹೇಳಬಾರದೇನಮ್ಮಾ?”

“ಹೇಳಿದ್ರ ಮುಟ್ಟೂದು ಬಿಡ್ತಾರ. ಮುಟ್ಟಲಿ ಬಿಡು.”

ಯಲಗೂರಪ್ಪನ ಟಾಂಗಾ ಬಬಲೇಶ್ವರದಿಂದ ಬಂದದ್ದು ಕಳೆದ ತಿಂಗಳು. ಪದರು ಪದರಾಗಿ ಹಳೇ ಬಣ್ಣ, ಒಳಗೆ ಕಟ್ಟಿಗೆ ಪುಡಿಪುಡಿ. ತಾಯಿ ಮಗಳು ಕೂಡಿ ಎಲ್ಲ ಕೆರೆದರು. ಸೀಟಿನ ಕೆಳಗೆ ತನ್ನದೇ ಹಳೇ ಹೆಬ್ಬೆಟ್ಟು ಕಂಡಾಗ ಮದೀನಾಬಿ ಮಗಳ ಕೈ ಹಿಡಿದು, “ಅಂಗೈ ಅಗಲ ಹಂಗ ಬಿಡು,” ಅಂದಳು. ಹೊಸ ಹಸಿರು ಬಣ್ಣ ಒಣಗಿದ ದಿನ ಹಿಂದಿನ ಹಲಗೆಯನ್ನು ನೋಡುತ್ತ ನಿಂತಳು. “ಈ ಸಲ ಇದರ ಮ್ಯಾಲ ಮಶಾಕ ಪೇಂಟರ ಅಂತ ಬರಿಯಾಕಿ ಅಲ್ಲ ನಾ. ಹೆಬ್ಬಟ್ಟು ಹೊರಗ ಒತ್ತಾಕಿ. ಒಲ್ಲೆ ಅಂದ್ರ ಯಲಗೂರಪ್ಪ ಬ್ಯಾರೆ ಪೇಂಟರನ್ನ ನೋಡಿಕೊಳ್ಳಲಿ.”

ಗಾಲಿಯ ಗೆರೆಯೇ ಮುಗಿಯಲಿಲ್ಲ.

* * *

ಕಫನ್ ಹೊದಿಸಿಯಾಗಿತ್ತು. ನಜಮಾ ತಲೆಯ ಮೇಲೆ ಸೆರಗೆಳೆದುಕೊಂಡು ಶೆಡ್ಡಿಗೆ ಬಂದಳು. ಜನಾಜಾ ಎತ್ತಲು ಬಂದ ಗಂಡಸರು ದಾರಿ ಬಿಟ್ಟರು. ಲಾಡಲೇಸಾಬ ಬಾಗಿಲಲ್ಲೇ ಇದ್ದ, ಕೈಯಲ್ಲಿ ಕೀಲಿ.

“ಒಳಗ ನಡಿ. ಗಂಡಸರದಾರ.”

“ಚಾಚಾ, ಇವತ್ತ ಮುಂಜಾನೆ ಸೀಟ ಎತ್ತಿ ಕಣ್ಣಿಗೆ ಒತ್ತಿಗೊಂಡು ಬಂದೀರೇನ್ರಿ?”

ಅವನು ತಬ್ಬಿಬ್ಬಾದ. “ಒತ್ತಿಗೊಂಡೇನಿ. ಯಾಕ? ನಮ್ಮಣ್ಣನ ಹೆಬ್ಬಟ್ಟದು.”

“ಅಬ್ಬಾನ ಹೆಬ್ಬಟ್ಟಿನ ಮ್ಯಾಲ ಓರೆ ಗೆರಿ ಇತ್ತೇನ್ರಿ?”

ಲಾಡಲೇಸಾಬ ಬಾಯಿ ತೆರೆದ. ಅಣ್ಣನ ಕೈಯನ್ನು ನೆನಪಿಸಿಕೊಳ್ಳಲು ನೋಡಿದ. ಆ ಕೈಯಲ್ಲಿ ಚಹಾದ ಬಶಿ ಬಿಟ್ಟು ಬೇರೇನೂ ಕಾಣಲಿಲ್ಲ.

“ಇತ್ತು,” ಎಂದ ಹಟಕ್ಕೆ.

“ಸುಳ್ಳ ಆಡಬ್ಯಾಡೋ ಲಾಡಲ್ಯಾ, ಮಯ್ಯತ್ ಮನಿಯಾಗ ಅದೀ,” ಒಳಬಾಗಿಲಿಂದ ಸುಗರಾಬಿಯ ದನಿ ಬಂತು. “ಮಶಾಕ ಸಣ್ಣಾಂವ ಇದ್ದಾಗಿಂದ ನಾ ಅವನ ಕೈ ನೋಡೇನಿ. ಈಗ ಈಕಿ ಕೈ ತೊಳದು ಬಂದೇನಿ. ಗೆರಿ ಈಕೀದು.”

ಯಲಗೂರಪ್ಪ ತನ್ನ ಟಾಂಗಾದ ಸೀಟೆತ್ತಿದ. ಹೊಸ ಹಸಿರಿನ ನಡುವೆ ಅಂಗೈ ಅಗಲದ ಹಳೇ ಬಣ್ಣ, ಅದರಲ್ಲಿ ಹೆಬ್ಬೆಟ್ಟು, ಅದರ ಮೇಲೆ ಓರೆ ಗೆರೆ. ತಲೆಯ ರುಮಾಲು ತೆಗೆದ.

“ಅಂದ್ರ ಇಷ್ಟು ವರ್ಷ ನಾ ಮುಂಜಾನೆದ್ದು ಮುಟ್ಟಿದ್ದು ಈ ತಾಯಿ ಕೈನ?” ಎಂದ. ಗಾಲಿಯ ಕಡೆ ತಿರುಗಿದ. “ಈ ಗೆರಿ ಯಾರು ಮುಗಸ್ತಾರವಾ ಈಗ?”

“ನಾ ಮುಗಸ್ತೇನ್ರಿ.”

“ನೀ ಟಿಕೋಟಾಕ್ಕ...” ಎಂದು ಲಾಡಲೇಸಾಬ ಶುರುಮಾಡಿದ.

“ಟಿಕೋಟಾಕ್ಕ ನಾ ಹೋಗೂದಿಲ್ಲ ಚಾಚಾ. ಹೊತ್ತುಕೊಂಡು ಹೋಗಿ ಒಗದು ಬಂದ್ರೂ ನಿಮಗಿಂತ ಮೊದಲ ಇಲ್ಲಿ ಬಂದು ಕುಂಡ್ರತೇನಿ.”

ಯಾರೋ ಕೆಮ್ಮಿದರು. ಗಾಂಧಿ ಚೌಕದ ಟಾಂಗಾದವರೊಬ್ಬರೂ ಲಾಡಲೇಸಾಬನ ಕಡೆ ಮಾತಾಡಲಿಲ್ಲ. ಎಲ್ಲರೂ ತಂತಮ್ಮ ಬೆರಳು ನೋಡಿಕೊಳ್ಳುತ್ತಿದ್ದರು. ಅವನು ಕೀಲಿಯನ್ನು ಬಣ್ಣದ ಡಬ್ಬಿಗಳ ನಡುವೆ ಇಟ್ಟು, ಅತ್ತಿಗೆಗೆ ಹೆಗಲು ಕೊಡಲು ಹೋದ.

ಗೋರಿಗೆ ಹಾಸುವ ಹಲಗೆಗಳು, ನೀರಿನ ಕೊಡ, ಸಲಿಕೆ ಹೇರಲು ಗಾಡಿ ಬೇಕಾಗಿತ್ತು. “ನಂದ ಐತಲ್ಲ,” ಎಂದು ಯಲಗೂರಪ್ಪ ತಾನು ತಂದ ಕುದುರೆಯನ್ನು ಹೂಡಿದ. ಒಂದು ಗಾಲಿಗೆ ಕೆಂಪು ಗೆರೆ ಪೂರಾ, ಇನ್ನೊಂದಕ್ಕೆ ಅರ್ಧ.

ಜನಾಜಾ ಎದ್ದಿತು. ಹೆಂಗಸರು ಹೊಸ್ತಿಲಲ್ಲಿ ನಿಂತರು. ಅಲ್ಲಿಂದಾಚೆ ಕಬರಸ್ತಾನದ ದಾರಿ ಗಂಡಸರದು.

ನಜಮಾ ಕೆಂಪು ಡಬ್ಬಿಯನ್ನು ಎತ್ತಿಕೊಂಡಳು. ನಿನ್ನೆ ಮುಚ್ಚಲು ಯಾರಿಗೂ ನೆನಪಾಗದೆ ಬಣ್ಣದ ಮೇಲೆ ಕೆನೆ ಕಟ್ಟಿತ್ತು. ಹೆಬ್ಬೆರಳಿನಿಂದ ಒಡೆದಳು. ಕೆಳಗೆ ಬಣ್ಣ ಹಸಿಯಾಗಿಯೇ ಇತ್ತು.

ಟಾಂಗಾದ ಹಿಂದಿನ ಹಲಗೆಯಲ್ಲಿ, ಹೆಸರು ಬರೆಯಲೆಂದು ಖಾಲಿ ಬಿಟ್ಟ ಜಾಗದ ನಟ್ಟನಡುವೆ, ಎಲ್ಲರೂ ನೋಡುತ್ತಿದ್ದಂತೆ ಒತ್ತಿದಳು.

ಸೊಲ್ಲಾಪುರ ರಸ್ತೆಯಲ್ಲಿ ಅಂಗಡಿಯವರು ಎದ್ದು ನಿಂತರು. ಮುಂದೆ ಜನಾಜಾ, ಅದರ ಹಿಂದೆ ಗಂಡಸರು, ಎಲ್ಲರಿಗಿಂತ ಹಿಂದೆ ಹಸಿರು ಟಾಂಗಾ. ಅದರ ಬೆನ್ನ ಮೇಲೆ ಇನ್ನೂ ಒಣಗದ ಕೆಂಪು ಹೆಬ್ಬೆಟ್ಟು ಕಬರಸ್ತಾನದ ಕಡೆಗೆ ಹೊರಟಿತ್ತು. ಅದರ ಮೇಲೆ ಓರೆ ಗೆರೆ ಇರಲಿಲ್ಲ.