ಹನ್ನೊಂದು ಸಹಿಯ ಬಹಿಷ್ಕಾರ

ಎರಡು ಸಾವಿರದ ಒಂಬತ್ತರ ಜೂನ್‌ನಲ್ಲಿ ತಿಪಟೂರಿನ ಆ ಕಾಲೇಜಿಗೆ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಇನ್ನು ಮುಂದೆ ಅಧ್ಯಾಪಕರ ತರಬೇತಿ ಕಂಪ್ಯೂಟರಿನಲ್ಲೇ. ಪಾಠ ನೋಡುವುದೂ ಪರೀಕ್ಷೆ ಬರೆಯುವುದೂ ಎಲ್ಲ ಆನ್‌ಲೈನ್. ಹಿಂದೆ ತರಬೇತಿ ಆಗಿದ್ದವರೂ ಸೇರಿ, ಆಗಸ್ಟ್ ಮುಗಿಯುವುದರೊಳಗೆ ಇದನ್ನು ಮಾಡದವರಿಗೆ ಐದು ವರ್ಷ ಬಡ್ತಿಯಿಲ್ಲ.

ರಾಜ್ಯಶಾಸ್ತ್ರದ ವನಜಾ ಮೇಡಂ ಅದನ್ನು ಎರಡು ಸಲ ಓದಿದರು. ಹದಿನಾಲ್ಕು ವರ್ಷದಿಂದ ಅವರ ಬಡ್ತಿ ನಿಂತಿದ್ದದ್ದೇ ಈ ತರಬೇತಿಗಾಗಿ. ಇದುವರೆಗೆ ಅದಕ್ಕೆ ಮೈಸೂರಿನಲ್ಲಿ ಇಪ್ಪತ್ತೊಂದು ದಿನ ಇರಬೇಕಿತ್ತು. ಬಿಳಿಗೆರೆಯ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಎರಡು ದಿನವೂ ಹೋಗುವಂತಿರಲಿಲ್ಲ. ಅವರಿಗಿಂತ ಕಿರಿಯರಾದ ಎಷ್ಟೋ ಜನ ಮೈಸೂರು ನೋಡಿ ಬಂದು, ಬಡ್ತಿ ಪಡೆದು, ಅವರಿಗೇ ಟೈಂಟೇಬಲ್ ಹಾಕಿಕೊಡುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು, ಅದರಲ್ಲೇನು ಮುಚ್ಚುಮರೆ!

ಸ್ಟಾಫ್‌ರೂಮಿನ ಹಿರಿಯರಾದ ಸದಾಶಿವಯ್ಯನವರು ಮಾತ್ರ ಕೆಂಡವಾದರು. ಗುರು ಎಂಬವನು ಎದುರಿಗಿರಬೇಕು, ಡಬ್ಬದೊಳಗಲ್ಲ ಎಂದರು. ಮೈಸೂರಿನ ಹಾಸ್ಟೆಲ್ ಊಟ ಕೈತಪ್ಪಿದ್ದರ ಬಗ್ಗೆ ಏನೂ ಹೇಳಲಿಲ್ಲ. ಈ ತರಬೇತಿಯನ್ನು ಯಾರೂ ಮಾಡುವುದಿಲ್ಲವೆಂದು ಬಹಿಷ್ಕಾರದ ಪತ್ರ ತಯಾರಾಯಿತು. ಅಲ್ಲಿ ಯಾವ ಪತ್ರವಾದರೂ ಸೀನಿಯಾರಿಟಿ ಪ್ರಕಾರ ಮೇಜಿನಿಂದ ಮೇಜಿಗೆ ಹೋಗುತ್ತದೆ. ಮೇಲಿನವರು ಸಹಿ ಹಾಕಿದ ಮೇಲೆ ಕೆಳಗಿನವರು ಓದುವ ಪದ್ಧತಿಯಿಲ್ಲ. ಬಡ್ತಿಯಿಲ್ಲದ ವನಜಾ ಮೇಡಂ ಹತ್ತನೆಯವರು. ಪೆನ್ನು ಹಿಡಿದು ಒಂದು ಗಳಿಗೆ ಕೂತರು. ಒಂಬತ್ತು ಜನ ನೋಡುತ್ತಿದ್ದರು. ಹಾಕಿದರು. ಕೊನೆಯವನಾದ ಅರ್ಥಶಾಸ್ತ್ರದ ಹಾಲಸ್ವಾಮಿಯೂ ಹಾಕಿದ.

ಬಂದ ಭಾನುವಾರವೇ ವನಜಾ ಮೇಡಂ ಕಿಬ್ಬನಹಳ್ಳಿಗೆ ಬಸ್ಸು ಹತ್ತಿದರು. ತಿಪಟೂರಿನಲ್ಲಾದರೆ ವಿದ್ಯಾರ್ಥಿಗಳ ಕಣ್ಣಿಗೆ ಬೀಳಬೇಕು. ಇಲ್ಲಿ ಕೊಬ್ಬರಿ ಅಂಗಡಿಯ ಮಹಡಿಯ ಮೇಲೊಂದು ಸೈಬರ್ ಸೆಂಟರ್ ಇತ್ತು. ನೋಡಿಕೊಳ್ಳುತ್ತಿದ್ದ ಸುಷ್ಮಿತಾ ತಲೆಯೆತ್ತದೆಯೇ, ಮೇಷ್ಟ್ರುಗಳ ಕೋರ್ಸಾದರೆ ಆರನೇ ಕ್ಯಾಬಿನ್ನು ಖಾಲಿಯಿದೆ ಎಂದಳು.

ಐದನೆಯದರಲ್ಲಿ ಸದಾಶಿವಯ್ಯನವರು ಕೂತಿದ್ದರು. ಕಿವಿಗೆ ಹೆಡ್‌ಫೋನು, ತೊಡೆಯ ಮೇಲೆ ನೋಟ್‌ಬುಕ್ಕು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಮೇಡಂ, ಮುಂದಿನ ಪಾಠಕ್ಕೆ ಎಲ್ಲಿ ಒತ್ತಬೇಕ್ರೀ?" ಎಂದರು.

ತೋರಿಸಿಕೊಟ್ಟರು. ಉಳಿದ ನಾಲ್ಕು ಕ್ಯಾಬಿನ್ನುಗಳಲ್ಲೂ ಸಹಿ ಹಾಕಿದವರೇ. ಮುಂದಿನ ವಾರ ಮಿಕ್ಕವರೂ ಬಂದರು. ವಾಪಸು ಬಸ್ಸಿನಲ್ಲಿ ಎಲ್ಲರೂ ಕೊಬ್ಬರಿ ಧಾರಣೆಯ ವಿಚಾರ ಮಾತಾಡಿದರು. ಕಾಲೇಜಿನಲ್ಲಿ ಬಹಿಷ್ಕಾರ ಬಿಗಿಯಾಗಿಯೇ ನಡೆಯುತ್ತಿತ್ತು. ಹಾಲಸ್ವಾಮಿಯೊಬ್ಬ ಕಾಣಲಿಲ್ಲ, ಚಿಕ್ಕ ವಯಸ್ಸಿನವನು, ಮನೆಯಲ್ಲೇ ಕಂಪ್ಯೂಟರ್ ಇಟ್ಟಿರಬೇಕು ಎಂದುಕೊಂಡು ವನಜಾ ಮೇಡಂ ಸುಮ್ಮನಾದರು. ಅವರಿಗೆ ಎಂಬತ್ತಾರು ಅಂಕ ಬಂತು. ಸರ್ಟಿಫಿಕೇಟನ್ನು ಬ್ಯಾಗಿನಲ್ಲಿಟ್ಟುಕೊಂಡು ದಿನಕ್ಕೆರಡು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಸೆಪ್ಟೆಂಬರ್ ಒಂದನೇ ತಾರೀಖು ಹಾಲಸ್ವಾಮಿ ಅವರ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡ.

"ನೆನ್ನೆಗೆ ಗಡುವು ಮುಗೀತು ಮೇಡಂ. ಬಡ್ತಿ ಹೋಯ್ತಲ್ಲಾ ಅಂತ ನಮ್ಮನೆಯವಳು ಬೈದ್ಲು. ವನಜಾ ಮೇಡಮ್ಮೋರು ಹದಿನಾಲ್ಕು ವರ್ಷದಿಂದ ಕಾಯ್ತಾವ್ರೆ, ಅವರೇ ಸೈನ್ ಹಾಕವ್ರೆ ಕಣೇ, ನಂದೇನು ಮಹಾ ಬುಡು ಅಂದೆ."

ವನಜಾ ಮೇಡಂ ಬ್ಯಾಗನ್ನು ಕಾಲಿನಿಂದ ಮೇಜಿನಡಿಗೆ ಸರಿಸಿದರು. ಹೇಳಿಬಿಡಬೇಕೆಂದು ಬಾಯಿ ತೆರೆದರು.

"ಭೇಷ್ ಕಣಯ್ಯ ಹಾಲಸ್ವಾಮಿ, ಒಗ್ಗಟ್ಟು ಅಂದ್ರೆ ಇದು," ಎಂದರು ಸದಾಶಿವಯ್ಯ ತಮ್ಮ ಮೇಜಿನಿಂದಲೇ.

ಮಿಕ್ಕವರೆಲ್ಲ ತಲೆಯಾಡಿಸಿದರು. ಸ್ವಲ್ಪ ತಡೆದು ವನಜಾ ಮೇಡಂ ಕೂಡ ಆಡಿಸಿದರು.