ಕನ್ನಡಿ ತೊಳೆದ ದಿನ

ಟ್ಯಾಂಕರಿನ ಕೊಳವೆಯನ್ನು ನೀರಿನ ತೊಟ್ಟಿಗೆ ಇಳಿಬಿಡುತ್ತಿದ್ದ ಫರ್ಮಿನ್‌ಗೆ ದೂರದರ್ಶಕದ ಗುಮ್ಮಟದೊಳಗಿಂದ ಹೆಂಡತಿಯ ನಗು ಕೇಳಿಸಿತು. ಎಡೆಲ್ಮೀರಾ ಮನೆಯಲ್ಲಿ ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಒಂದು ವಾರ ಬೆಟ್ಟದ ಮೇಲೆ, ಒಂದು ವಾರ ಕೆಳಗೆ ತಾಲ್ತಾಲ್ ಊರಿನ ಮನೆಯಲ್ಲಿ. ಅವಳ ಪಾಳಿ ಹಾಗೆ. ಮನೆಗೆ ಬಂದವಳು ಮೊದಲು ಮನಸಾರೆ ನಿದ್ದೆ ಮಾಡುತ್ತಿದ್ದಳು. ಎದ್ದರೆ ನಿಕಾನೋರನದೇ ಮಾತು. ದೂರದರ್ಶಕದ ದೊಡ್ಡ ಕನ್ನಡಿಯನ್ನು ಅವಳ ಜೊತೆ ತೊಳೆಯುವವನು ಅವನು. ನಿಕಾನೋರ್ ಹೀಗಂದ, ನಿಕಾನೋರ್ ಹಾಗೆ ಅಣಕಿಸಿದ. ಫರ್ಮಿನ್ ಸೂಪಿನ ಬಟ್ಟಲು ನೋಡುತ್ತ ಹೂಂಗುಟ್ಟುತ್ತಿದ್ದ. ಈ ಬೋಳು ಬೆಟ್ಟಕ್ಕೆ ನೀರು ಹೊರುವ ಕೆಲಸವನ್ನು ಅವನು ಕೇಳಿ ಹಾಕಿಸಿಕೊಂಡದ್ದೇ ಅವಳ ಮೇಲೊಂದು ಕಣ್ಣಿರಲೆಂದು.

ಆ ದಿನ ಕನ್ನಡಿ ತೊಳೆದು ಮುಗಿದಿತ್ತು. ನೀರು ಇಳಿಸಿ ಫರ್ಮಿನ್ ಗಾಡಿ ಹತ್ತಿದಾಗ ಗುಮ್ಮಟದ ಕೆಳಬಾಗಿಲು ತೆರೆದಿತ್ತು. ಬಿಳಿ ಮೇಲಂಗಿಯ ಇಬ್ಬರೂ ಕನ್ನಡಿಯ ಅಂಚಿನಲ್ಲಿ ಭುಜಕ್ಕೆ ಭುಜ ತಾಗುವಂತೆ ಬಗ್ಗಿದ್ದರು. ನಿಕಾನೋರ್ ಏನೋ ಅಂದ. ಅವಳು ನಗುತ್ತ ಅವನನ್ನು ಮೊಣಕೈಯಿಂದ ತಿವಿದಳು. ಅಲ್ಲಿ ಗಾಡಿ ಧೂಳೆಬ್ಬಿಸದೆ ತೆವಳಬೇಕೆಂಬುದು ಫರ್ಮಿನ್‌ಗೆ ಚೆನ್ನಾಗಿ ಗೊತ್ತಿತ್ತು. ಅವನು ಆಕ್ಸಿಲರೇಟರನ್ನು ಪೂರ್ತಿ ಒತ್ತಿದ.

ಕೆಂಧೂಳು ಬಾಗಿಲೊಳಗೆ ನುಗ್ಗಿ, ತೊಳೆದ ಕನ್ನಡಿಯ ಮೇಲೆಲ್ಲ ಕೂತಿತು. ಎಡೆಲ್ಮೀರಾ ತಲೆಯೆತ್ತಿ ಟ್ಯಾಂಕರನ್ನು ನೋಡಿದಳು. ನಗು ನಿಂತಿತ್ತು.

ಮೇಲ್ವಿಚಾರಕಿ ಬಂದು ಕೇಳಿದಾಗ ಫರ್ಮಿನ್ ಬಾಯಿ ತೆರೆಯುವ ಮೊದಲೇ ನಿಕಾನೋರ್ ಮುಂದೆ ಬಂದ. ಬೇಗ ಹೋಗೆಂದು ಗಾಡಿಗೆ ಕೈ ತೋರಿಸಿದವನು ತಾನೇ, ಬಾಗಿಲು ತೆರೆದಿರುವುದು ಮರೆತೇಹೋಯಿತು ಎಂದ. ಮಧ್ಯಾಹ್ನದೊಳಗೆ ಅವನ ಕೆಲಸ ಹೋಯಿತು. ಕೆಳಗಿಳಿಯಲು ಇದ್ದದ್ದು ಅದೇ ಟ್ಯಾಂಕರ್.

ಹೊರಡುವಾಗ ಎಡೆಲ್ಮೀರಾ ಒಂದು ಪೊಟ್ಟಣ ತಂದು ನಿಕಾನೋರನ ಕಿಟಕಿಯಲ್ಲಿ ಕೊಟ್ಟಳು. ಗಂಡ ಕೂತ ಕಡೆಗೆ ಬರಲಿಲ್ಲ.

ಕೆಲವು ತಿರುವು ಇಳಿದ ಮೇಲೆ ಫರ್ಮಿನ್ ಕೇಳಿದ, "ಯಾಕೆ ಸುಳ್ಳು ಹೇಳ್ದೆ?"

"ನಿನ್ ಕೆಲ್ಸ ಹೋದ್ರೆ ಅವಳು ಅಳ್ತಾಳೆ ಕಣೋ. ನನ್ ಕೈಲಿ ನೋಡಕ್ಕಾಗಲ್ಲ."

ಫರ್ಮಿನ್ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದ. "ನಿನ್ ಮನ್ಸಲ್ಲಿರೋದು ಅವಳಿಗೆ ಗೊತ್ತಾ?"

"ಒಂದ್ಸಲ ಹೇಳ್ದೆ. ಹುಚ್ಚಪ್ಪ ಅಂತ ನಕ್ಕುಬಿಟ್ಲು. ಆಮೇಲೂ ನಗಿಸ್ತಾನೇ ಇದ್ದೆ. ನನ್ ಪಾಲಿಗೆ ಬಂದಿದ್ದು ಅಷ್ಟೇ."

ಮನಸ್ಸು ಹಗುರಾಗಬೇಕಿತ್ತು. ಆದರೆ ಅವಳ ಅಷ್ಟು ನಗುವೂ ತನ್ನ ಪಾಲಿಗೆ ಬಂದಿರಲಿಲ್ಲವಲ್ಲ ಎಂದು ಫರ್ಮಿನ್‌ನ ಹೊಟ್ಟೆ ಮತ್ತಷ್ಟು ಉರಿಯಿತು.

ನಿಕಾನೋರ್ ಪೊಟ್ಟಣ ಬಿಚ್ಚಿದ. ಬೆಣ್ಣೆಹಣ್ಣು ಸವರಿದ ರೊಟ್ಟಿ. ಅರ್ಧ ಮುರಿದು ಫರ್ಮಿನ್‌ನತ್ತ ಚಾಚಿದ. ಫರ್ಮಿನ್ ರಸ್ತೆಯನ್ನೇ ನೋಡುತ್ತಿದ್ದ. ನಿಕಾನೋರ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ತಿರುವು ದಾಟಿದ ಮೇಲೆ ಫರ್ಮಿನ್ ಒಂದು ಕೈ ಬಿಟ್ಟು ಅದನ್ನು ಈಸಿಕೊಂಡ. ರೊಟ್ಟಿ ಇನ್ನೂ ಬೆಚ್ಚಗಿತ್ತು.